ಮಾತುಕತೆ, ಕಾನೂನು ಇಟ್ಕೊಂಡು ನಿಜವಾಗ್ಲೂ ನಿಂತ ಯುದ್ಧ ಯಾವ್ದಾದ್ರೂ ಇದ್ಯಾ? ಡೀಟೇಲ್ ಸಮೇತ ಹೇಳಿ

ರಾಗಿ_ರಿಪಬ್ಲಿಕ್
ಎಲ್ರಿಗೂ ನಮಸ್ಕಾರ. ಟೀವಿ ಹಾಕಿದ್ರೆ ದಿನಾ ಅದೇ ಕಥೆ, ವಿಶ್ವಸಂಸ್ಥೆ ಕಳವಳ ವ್ಯಕ್ತಪಡಿಸಿತು, ವಿಶ್ವಸಂಸ್ಥೆ ಖಂಡಿಸಿತು, ಅಷ್ಟ್ರಲ್ಲಿ ಇನ್ನೊಂದು ಊರು ಪುಡಿ ಆಗಿರುತ್ತೆ. ಆಫೀಸಲ್ಲಿ ಊಟದ ಟೈಮಲ್ಲಿ ಇದೇ ವಾದ ಶುರುವಾಯ್ತು, ಅಂತರರಾಷ್ಟ್ರೀಯ ಕಾನೂನು ಅನ್ನೋದೆಲ್ಲಾ ಬುರುಡೆ, ಬಲ ಇದ್ದೋನು ಹೇಳಿದ್ದೇ ಕಾನೂನು ಅಂದ ಒಬ್ಬ, ಎಲ್ರೂ ಹೂಂ ಅಂದ್ರು. ನಂಗ್ಯಾಕೋ ಪೂರ್ತಿ ಒಪ್ಪೋಕಾಗ್ಲಿಲ್ಲ, ಆದ್ರೆ ಎದುರು ಹೇಳೋಕೆ ಒಂದು ಉದಾಹರಣೆನೂ ಬಾಯಿಗೆ ಬರ್ಲಿಲ್ಲ. ದಯವಿಟ್ಟು ಶಾಂತಿಯ ಮಹತ್ವ ಅಂತ ಪ್ರಬಂಧ ಬರೀಬೇಡಿ, ಬುದ್ಧ ಬಸವ ಗಾಂಧಿ ಎಲ್ಲಾ ಗೊತ್ತು. ಯಾವ ಯುದ್ಧ, ಯಾರು ಕೂತು ಮಾತಾಡಿದ್ರು, ಎಲ್ಲಿ ಸಿಕ್ಕಾಕ್ಕೊಂಡಿತ್ತು, ಹೆಂಗೆ ಬಿಡಿಸಿದ್ರು, ಇಷ್ಟು ಹೇಳಿ.

ಬಯಲಾಟ
ನಿಮ್ಮ ಗೆಳೆಯ ಹೇಳಿದ್ದು ಖರೇ ಐತ್ರಿ. ಎರಡೂ ಕಡೆ ಸುಸ್ತಾದ ಮ್ಯಾಲೆ ಯುದ್ಧ ತಾನಾಗೇ ನಿಲ್ಲತೈತಿ, ಆಮ್ಯಾಲೆ ಕೋಟು ಹಾಕ್ಕೊಂಡವ್ರು ಬಂದು ಸಹಿ ಮಾಡಿ ಫೋಟೋ ತಗಸ್ಕೋತಾರ. ಅಷ್ಟ.

ಕೊಡಗಿನ_ಮಳೆ
ಬಯಲಾಟ ಅವ್ರೆ, ಸುಸ್ತಾದ್ರೂ ನಿಲ್ಲದೇ ಇದ್ದ ಯುದ್ಧ ಒಂದಿದೆ, ಅದನ್ನೇ ಹೇಳ್ತೀನಿ. ಕೊರಿಯಾ. ಸ್ವಲ್ಪ ಉದ್ದ ಆಗುತ್ತೆ, ನಮ್ಮೂರಿನವರೂ ಇದ್ರಲ್ಲಿ ಬರ್ತಾರೆ ಹಾಗಾಗಿ ಸಹಿಸ್ಕೊಳ್ಳಿ.

1950ರ ಜೂನ್ 25ಕ್ಕೆ ಉತ್ತರ ಕೊರಿಯಾ ದಕ್ಷಿಣಕ್ಕೆ ನುಗ್ತು. ಒಂದು ವರ್ಷ ಭಯಂಕರ ಓಡಾಟ, ಸೋಲ್ ನಗರ ನಾಲ್ಕು ಸಲ ಕೈ ಬದಲಾಯ್ತು, ದಕ್ಷಿಣದ ಪರ ಅಮೆರಿಕ, ಉತ್ತರದ ಪರ ಚೀನಾ ಒಳಗೆ ಬಂತು, ಕೊನೆಗೆ ಹೆಚ್ಚುಕಮ್ಮಿ ಶುರುವಾದ ಗೆರೆ ಹತ್ರಾನೇ ಎರಡೂ ಸೈನ್ಯ ಬಂದು ನಿಂತ್ವು. ಇನ್ನು ಯಾರೂ ಗೆಲ್ಲಲ್ಲ ಅಂತ ಎಲ್ರಿಗೂ ಗೊತ್ತಾಯ್ತು. 1951ರ ಜುಲೈ 10ಕ್ಕೆ ಕೇಸಾಂಗ್‌ನಲ್ಲಿ ಮಾತುಕತೆ ಶುರು, ಆಮೇಲೆ ಪನ್‌ಮುಂಜಾಮ್‌ಗೆ ಶಿಫ್ಟ್. ಈಗ ನೋಡಿ, ಸುಸ್ತಾಗಿದ್ರೆ ನಿಲ್ಬೇಕಿತ್ತು ಅಲ್ವಾ, ಆದ್ರೆ ಸಹಿ ಆಗಿದ್ದು 1953ರ ಜುಲೈ 27ಕ್ಕೆ. ಎರಡು ವರ್ಷ! ಗಡಿ ಎಲ್ಲಿ, ಕದನ ವಿರಾಮದ ಮೇಲ್ವಿಚಾರಣೆ ಯಾರದ್ದು, ಇದೆಲ್ಲಾ 1952ರ ಮೇ ಹೊತ್ತಿಗೆ ಹೆಚ್ಚುಕಮ್ಮಿ ಮುಗಿದಿತ್ತು. ಉಳಿದಿದ್ದು ಒಂದೇ ಪ್ರಶ್ನೆ, ಯುದ್ಧಕೈದಿಗಳನ್ನ ಏನ್ ಮಾಡೋದು.

ಅಮೆರಿಕದ ಕಡೆಯವರ ಹತ್ರ ಸುಮಾರು 1,32,000 ಕೈದಿಗಳಿದ್ರು. ಒಬ್ಬೊಬ್ರನ್ನೇ ಕೇಳಿ ನೋಡಿದಾಗ ವಾಪಸ್ ಹೋಗ್ತೀವಿ ಅಂದವರು ಸುಮಾರು 70,000 ಅಷ್ಟೇ ಅಂತ 1952ರ ಏಪ್ರಿಲಲ್ಲಿ ಎದುರು ಪಕ್ಷಕ್ಕೆ ಹೇಳಿದ್ರು. ಚೀನಾ, ಉತ್ತರ ಕೊರಿಯಾ ಕೆಂಡಾಮಂಡಲ. ಎಲ್ರನ್ನೂ ಕೊಡಿ, ಕಾನೂನು ಹಾಗೇ ಹೇಳುತ್ತೆ ಅಂತ ಅವ್ರು. ಬಲವಂತವಾಗಿ ಯಾರನ್ನೂ ಕಳಿಸಲ್ಲ ಅಂತ ಅಮೆರಿಕದ ಅಧ್ಯಕ್ಷ ಟ್ರೂಮನ್. ಈ ಒಂದು ಪ್ರಶ್ನೆ ಮೇಲೆ ಇನ್ನೂ ಒಂದು ವರ್ಷದ ಮೇಲೆ ಗುಡ್ಡ ಗುಡ್ಡಕ್ಕೂ ಹೊಡೆದಾಟ ಆಯ್ತು, ಸಾವಿರಾರು ಜನ ಸತ್ರು, ಗೆರೆ ಮಾತ್ರ ಅಲ್ಲೇ ಇತ್ತು.

ಬಿಡಿಸಿದ್ದು ಹೆಂಗೆ ಅಂದ್ರೆ, 1952ರ ಡಿಸೆಂಬರ್ 3ಕ್ಕೆ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಭಾರತದ ನಿರ್ಣಯ ಪಾಸಾಯ್ತು, ಕೃಷ್ಣ ಮೆನನ್ ಓಡಾಡಿ ತಯಾರು ಮಾಡಿದ್ದು. ವಾಪಸ್ ಹೋಗಲ್ಲ ಅನ್ನೋ ಕೈದಿಗಳನ್ನ ಎರಡೂ ಕಡೆಯಿಂದ ತಗೊಂಡು ತಟಸ್ಥ ದೇಶಗಳ ಒಂದು ಆಯೋಗದ ಕೈಗೆ ಕೊಡಿ ಅನ್ನೋದು ಅದರ ತಿರುಳು. ಚೀನಾ ಆಗ ಒಪ್ಲಿಲ್ಲ, ಸೋವಿಯತ್‌ನ ವಿಶಿನ್‌ಸ್ಕಿ ಮೆನನ್‌ಗೆ ಮುಖಕ್ಕೆ ಹೊಡೆದಂಗೆ ಬೈದ. ಆದ್ರೆ ಮುಂದಿನ ಮಾರ್ಚ್ ಕೊನೆಗೆ ಚೀನಾ ಪ್ರಧಾನಿ ಚೌ ಎನ್‌ಲಾಯ್ ಒಪ್ಪಿದ್ದು ಹೆಚ್ಚುಕಮ್ಮಿ ಅದೇ ಐಡಿಯಾಕ್ಕೆ. ಜೂನ್ 8ಕ್ಕೆ ಕೈದಿಗಳ ಒಪ್ಪಂದ ಸಹಿ ಆಯ್ತು. ಆಯೋಗದಲ್ಲಿ ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ, ಭಾರತ, ಅಂದ್ರೆ ಆ ಕಡೆಗೆ ವಾಲೋರು ಇಬ್ರು, ಈ ಕಡೆಗೆ ಇಬ್ರು, ನಡುವೆ ನಾವು. ಅಧ್ಯಕ್ಷ ಯಾರು ಗೊತ್ತಲ್ವಾ, ಮಡಿಕೇರಿಯ ತಿಮ್ಮಯ್ಯನವರು.

ರಾಗಿ_ರಿಪಬ್ಲಿಕ್
ಜನರಲ್ ತಿಮ್ಮಯ್ಯ ಅಂದ್ರೆ ಜೊಜಿಲಾಗೆ ಟ್ಯಾಂಕ್ ಹತ್ತಿಸಿದೋರು, ಆಮೇಲೆ ಸೇನಾ ಮುಖ್ಯಸ್ಥ, ಅಷ್ಟು ಗೊತ್ತು. ಕೊರಿಯಾ ಕಥೆ ಗೊತ್ತಿರ್ಲಿಲ್ಲ. ಮುಂದುವರೆಸಿ ಸಾರ್.

ಬಯಲಾಟ
ತಡೀರಿ ತಡೀರಿ. 1953ರ ಮಾರ್ಚ್ 5ಕ್ಕ ಸ್ಟಾಲಿನ್ ಸತ್ತ. ಮಾರ್ಚ್ 30ಕ್ಕ ಚೌ ಒಪ್ಪಿದ. ನಡುವ ನಾಕು ವಾರನೂ ಇಲ್ಲ. ಇದ್ರಾಗ ಭಾರತದ ನಿರ್ಣಯ ಎಲ್ಲಿ ಬಂತು, ಕಾನೂನು ಎಲ್ಲಿ ಬಂತು? ಮುದುಕ ಸತ್ತ, ಯುದ್ಧ ನಿಂತ್ತು. ಕೃಷ್ಣ ಮೆನನ್ ಬದಲಿ ನಮ್ಮೂರ ಶೆಟ್ಟರನ್ನ ಕಳಿಸಿದ್ರೂ ನಿಲ್ತಿತ್ತು.

ಕರಿಕೋಟು
ಹಹಾ. ಸ್ಟಾಲಿನ್ ಸಾವು ದೊಡ್ಡ ಕಾರಣ, ಅದನ್ನ ಯಾರೂ ಅಲ್ಲಗಳೆಯಲ್ಲ. ಆದ್ರೆ ನಿಲ್ಲಿಸ್ಬೇಕು ಅಂತ ಮನಸ್ಸಾದಾಗ ಯಾವ ಬಾಗ್ಲಲ್ಲಿ ಹೊರಗೆ ಬರೋದು ಅನ್ನೋದು ಬೇರೆ ಪ್ರಶ್ನೆ. ಚೀನಾದ ಮಾವೋ ಆಗ್ಲಿ, ಟ್ರೂಮನ್ ಆದ್ಮೇಲೆ ಬಂದ ಐಸನ್‌ಹೋವರ್ ಆಗ್ಲಿ, ಎರಡು ವರ್ಷ ಹಠ ಹಿಡಿದ ವಿಷಯದಲ್ಲಿ ಸರಿ ಬಿಡಿ ನಾವೇ ಸೋತ್ವಿ ಅನ್ನೋಕೆ ಆಗುತ್ತಾ? ಆ ಬಾಗ್ಲು ನಾಲ್ಕು ತಿಂಗಳ ಮುಂಚೆನೇ ನಿರ್ಣಯದ ರೂಪದಲ್ಲಿ ಮೇಜಿನ ಮೇಲೆ ಇತ್ತು, ಪದ ಪದ ಬರೆದಿಟ್ಟಿದ್ರು.

ಕಾನೂನಿನ ಪಾಯಿಂಟ್ ಬೇರೆ ಸ್ವಾರಸ್ಯ ಇದೆ, ಯಾರೂ ಮಾತಾಡಲ್ಲ ಅದ್ರ ಬಗ್ಗೆ. 1949ರ ಮೂರನೇ ಜಿನೀವಾ ಒಪ್ಪಂದದ 118ನೇ ವಿಧಿ ಪ್ರಕಾರ ಹೋರಾಟ ನಿಂತ ಮೇಲೆ ಕೈದಿಗಳನ್ನ ತಡ ಮಾಡದೆ ಬಿಟ್ಟು ವಾಪಸ್ ಕಳಿಸ್ಬೇಕು. ಅಷ್ಟೇ. ಕೈದಿ ನಾನು ಹೋಗಲ್ಲ ಅಂದ್ರೆ ಏನು ಅಂತ ಅದ್ರಲ್ಲಿ ಒಂದಕ್ಷರ ಇಲ್ಲ. ಯಾಕಂದ್ರೆ ಬರೆದವರ ತಲೇಲಿ ಇದ್ದಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೂ ವರ್ಷಗಟ್ಲೆ ಕೈದಿಗಳನ್ನ ಇಟ್ಕೊಂಡು ದುಡಿಸಿದ್ದು. ಅದೇ ಹೊತ್ತಿಗೆ ಇನ್ನೊಂದು ನೆನಪೂ ಇತ್ತು, ಯಾಲ್ಟಾ ಒಪ್ಪಂದ ಅಂತ ಸೋವಿಯತ್ ಪ್ರಜೆಗಳನ್ನ 1945ರಲ್ಲಿ ಬಲವಂತವಾಗಿ ವಾಪಸ್ ಕಳಿಸಿ ಅವರಲ್ಲಿ ಎಷ್ಟೋ ಜನ ಲೇಬರ್ ಕ್ಯಾಂಪಿಗೆ ಹೋದ್ರು. ಅಂದ್ರೆ ಅಕ್ಷರ ಹಿಡಿದ್ರೆ ಚೀನಾ ವಾದ ಗಟ್ಟಿ, ಒಪ್ಪಂದ ಯಾರ ರಕ್ಷಣೆಗೆ ಬರೆದಿದ್ದು ಅಂತ ಕೇಳಿದ್ರೆ ಅಮೆರಿಕದ ವಾದ ಗಟ್ಟಿ. ಎರಡೂ ಕಡೆ ಕಾನೂನೇ ಹೇಳ್ತಿದ್ರು! ಅದಕ್ಕೇ ಭಾರತದ ನಿರ್ಣಯ ಮಾಡಿದ ಕೆಲಸ ಜಾಣತನದ್ದು, ಬಲ ಬಳಸಿ ಕಳಿಸೋ ಹಾಗಿಲ್ಲ, ಬಲ ಬಳಸಿ ತಡೆಯೋ ಹಾಗೂ ಇಲ್ಲ ಅಂತ ಎರಡನ್ನೂ ಒಟ್ಟಿಗೆ ಹೇಳ್ತು, ಜೊತೆಗೆ ಜಿನೀವಾ ಒಪ್ಪಂದಕ್ಕೆ ಅನುಗುಣವಾಗಿ ಅಂತಾನೂ ಸೇರಿಸ್ತು. ಇಬ್ಬರೂ ಊರಿಗೆ ಹೋಗಿ ನಮ್ ಮಾತೇ ನಡೀತು ಅನ್ಬಹುದು. ಈಗ ಬಲವಂತದ ವಾಪಸಾತಿ ಇಲ್ಲ ಅನ್ನೋ ಅರ್ಥಾನೇ ರೆಡ್‌ಕ್ರಾಸ್‌ನಿಂದ ಹಿಡಿದು ಎಲ್ಲಾ ಕಡೆ ಒಪ್ಪಿಗೆ ಆಗಿದೆ, ಆ ಜಗಳ ಆ ಮಟ್ಟಿಗೆ ಕಾನೂನನ್ನೂ ಬೆಳೆಸ್ತು.

ಕೊಡಗಿನ_ಮಳೆ
ಕರಿಕೋಟು ಅವ್ರು ಚೆನ್ನಾಗಿ ಹೇಳಿದ್ರು. ಇನ್ನು ಕಾಗದ ನೆಲಕ್ಕೆ ಇಳಿದಾಗ ಏನಾಯ್ತು ಕೇಳಿ, ಇಲ್ಲೇ ಇರೋದು ಮಜಾ.

ಮೊದಲನೇ ವಿಘ್ನ ನಮ್ಮವರದ್ದಲ್ಲ, ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀದು. ಈ ಕದನ ವಿರಾಮಾನೇ ಬೇಡ ಅಂತಿದ್ದ ಮನುಷ್ಯ. ಜೂನ್ 18ಕ್ಕೆ, ಸಹಿಗೆ ಇನ್ನೂ ತಿಂಗಳ ಮೇಲೆ ಇರುವಾಗ, ಕ್ಯಾಂಪ್ ಗೇಟ್ ತೆಗೆಸಿ ಸುಮಾರು 27,000 ಕೈದಿಗಳನ್ನ ರಾತ್ರೋರಾತ್ರಿ ಹೊರಗೆ ಬಿಡಿಸಿಬಿಟ್ಟ. ಎಲ್ಲಾ ಮುರಿದು ಬೀಳ್ಬೇಕಿತ್ತು. ಚೀನಾ ಒಂದು ದೊಡ್ಡ ದಾಳಿ ಮಾಡಿ ದಕ್ಷಿಣದ ಸೈನ್ಯಕ್ಕೆ ಬುದ್ಧಿ ಕಲಿಸಿ ಮತ್ತೆ ಮೇಜಿಗೆ ಬಂತು. ದಕ್ಷಿಣ ಕೊರಿಯಾ ಆ ಒಪ್ಪಂದಕ್ಕೆ ಕೊನೇವರೆಗೂ ಸಹಿ ಹಾಕ್ಲೇ ಇಲ್ಲ. ಭಾರತದ ಸೈನಿಕರು ನಮ್ಮ ನೆಲದ ಮೇಲೆ ಕಾಲಿಡಕೂಡದು ಅಂತ ಬೇರೆ ಹಠ ಹಿಡಿದ್ರು, ಹಾಗಾಗಿ ನಮ್ಮ ಕಾವಲು ಪಡೆಯನ್ನ ಇಂಚಾನ್ ಹತ್ರ ಹಡಗಿಂದಲೇ ಎತ್ತಿ ಅಮೆರಿಕದ ಹೆಲಿಕಾಪ್ಟರಲ್ಲಿ ನೇರ ಎರಡೂ ಸೈನ್ಯದ ಮಧ್ಯದ ನಿಸ್ಸೇನ ವಲಯಕ್ಕೆ ಇಳಿಸಿದ್ರು. ನಾಲ್ಕು ಕಿಲೋಮೀಟರ್ ಅಗಲದ ಪಟ್ಟಿ ಅದು, ಅದ್ರೊಳಗೇ ಹಿಂದ್‌ನಗರ ಅಂತ ಕ್ಯಾಂಪು.

22,600ರಷ್ಟು ಚೀನೀ ಮತ್ತು ಕೊರಿಯನ್ ಕೈದಿಗಳು ದಕ್ಷಿಣದಿಂದ ಬಂದ್ರು, ಆ ಕಡೆಯಿಂದ 359. ಆ 359ರಲ್ಲಿ 23 ಜನ ಅಮೆರಿಕನ್ನರು, ಒಬ್ಬ ಬ್ರಿಟಿಷ್. ನಿಯಮ ಏನಂದ್ರೆ 90 ದಿನ ಅವರವರ ದೇಶದ ಪ್ರತಿನಿಧಿಗಳು ಬಂದು ಬಾಪ್ಪ ಮನೆಗೆ ಅಂತ ವಿವರಿಸಬಹುದು, ಕೈದಿ ಆಯೋಗದ ಮುಂದೆ ತನ್ನ ಇಷ್ಟ ಹೇಳ್ಬೇಕು. ಕಾಗದದಲ್ಲಿ ಬಹಳ ಚಂದ. ಆದ್ರೆ ಕಾಂಪೌಂಡ್ ಒಳಗೆ ಕೈದಿಗಳದ್ದೇ ಗ್ಯಾಂಗು, ಅವರದ್ದೇ ನಾಯಕರು, ವಾಪಸ್ ಹೋಗ್ತೀನಿ ಅಂದವನನ್ನ ರಾತ್ರಿ ಕೊಲ್ಲೋದೂ ಇತ್ತು. ವಿವರಣೆಗೆ ಹೋಗೋದಕ್ಕೇ ಕಾಂಪೌಂಡ್ ಕಾಂಪೌಂಡೇ ನಿರಾಕರಿಸ್ತು. ಕಾವಲು ಪಡೆಯ ಮುಖ್ಯಸ್ಥ ಮೇಜರ್ ಜನರಲ್ ಥೋರಟ್, ನಮ್ಮ ಒಬ್ಬ ಮೇಜರ್‌ನ ಕೈದಿಗಳು ಒಳಗೆ ಹಿಡಿದಿಟ್ಕೊಂಡಾಗ ತಾವೇ ಒಳಗೆ ಹೋಗಿ ಸಾವಿರಾರು ಜನ ಕೂಗಾಡ್ತಿರೋ ಮಧ್ಯೆ ಕೂತು ಮಾತಾಡಿ ಬಿಡಿಸ್ಕೊಂಡು ಬಂದ್ರು. ಆದ್ರೆ ಎಲ್ಲಾ ಸಲ ಹೀಗೇ ಆಗ್ಲಿಲ್ಲ, ಗುಂಡು ಹಾರಿಸ್ಬೇಕಾಗಿ ಬಂದದ್ದೂ ಇದೆ, ಕೈದಿಗಳು ಸತ್ತದ್ದೂ ಇದೆ, ಅದನ್ನ ಮುಚ್ಚಿಡೋದು ಬೇಡ.

ಕೊನೆಗೆ 22,600ರಲ್ಲಿ ವಾಪಸ್ ಹೋಗ್ತೀನಿ ಅಂದು ಹೋದವರು 628 ಜನ. 1954ರ ಜನವರಿಗೆ, ಆಯೋಗ ಕೈದಿಗಳನ್ನ ಇಟ್ಕೊಳ್ಳೋಕೆ ಇದ್ದ ಒಟ್ಟು 120 ದಿನ ಮುಗೀತಾ ಬಂತು. ಕೈದಿಗಳ ಭವಿಷ್ಯ ತೀರ್ಮಾನಿಸ್ಬೇಕಿದ್ದ ರಾಜಕೀಯ ಸಮ್ಮೇಳನ ನಡೆದೇ ಇರ್ಲಿಲ್ಲ. ತಿಮ್ಮಯ್ಯ ಏನ್ ಮಾಡ್ಬೇಕು? ಇವರು ಇನ್ಮುಂದೆ ಸ್ವತಂತ್ರ ನಾಗರಿಕರು ಅಂತ ಘೋಷಿಸಿದ್ರೆ ಚೀನಾ ಬೊಬ್ಬೆ, ಇಟ್ಕೊಂಡೇ ಇದ್ರೆ ಅಮೆರಿಕ ಬೊಬ್ಬೆ. ಅವ್ರು ಎರಡನ್ನೂ ಮಾಡ್ಲಿಲ್ಲ. ಯಾರಿಂದ ತಗೊಂಡಿದ್ವೋ ಅವರಿಗೇ ಜನವರಿ 20ರಿಂದ ವಾಪಸ್ ಕೊಟ್ರು, ಇವರ ಸ್ಥಾನಮಾನ ಏನು ಅಂತ ಹೇಳೋ ಅಧಿಕಾರ ನಮಗಿಲ್ಲ ಅಂದ್ರು. ಎರಡೂ ಕಡೆಯವರು ಆಕ್ಷೇಪಣೆ ಕಳಿಸಿದ್ರು. ನನ್ನ ಪ್ರಕಾರ ಅದೇ ಅವರಿಗೆ ಸಿಕ್ಕ ಸರ್ಟಿಫಿಕೇಟು.

ಮಂಗ್ಳೂರ್_ಮಳೆಗಾಲ
ಕೊಡಗಿನವರು ಎಲ್ಲಾ ಕ್ರೆಡಿಟ್ ತಗೊಂಡು ಹೋಗುವ ಹಾಗೆ ಕಾಣ್ತದೆ ಮಾರಾಯ್ರೆ, ನಮ್ಮ ಊರಿನವರೂ ಉಂಟು ಇದರಲ್ಲಿ 😄 ಬೆನೆಗಲ್ ನರಸಿಂಗ ರಾಯರು, ಮಂಗಳೂರಲ್ಲಿ ಹುಟ್ಟಿದವರು, ಸಂವಿಧಾನ ಸಭೆಯ ಸಲಹೆಗಾರರು ಅಂತ ಎಲ್ಲರಿಗೂ ಗೊತ್ತು. 1950ರ ಜೂನಲ್ಲಿ ಯುದ್ಧ ಶುರುವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷರು ಅವರೇ, ಸರದಿ ಪ್ರಕಾರ ಆ ತಿಂಗಳು ಭಾರತದ್ದು. ಅದೇ ವರ್ಷ ಡಿಸೆಂಬರಲ್ಲಿ ಮಹಾಸಭೆ ಕದನ ವಿರಾಮಕ್ಕೆ ಒಂದು ಮೂರು ಜನರ ಗುಂಪು ಮಾಡ್ತು, ಕೆನಡಾದ ಪಿಯರ್ಸನ್, ಇರಾನಿನ ಎಂತಜಾಮ್, ಮತ್ತೆ ನಮ್ಮ ರಾಯರು. ಎಂತ ಪ್ರಯೋಜನ ಆಗ್ಲಿಲ್ಲ ಆಗ, ಚೀನಾ ಗೆಲ್ತಾ ಇತ್ತು, ಕಿವಿಗೇ ಹಾಕಿಕೊಳ್ಳಲಿಲ್ಲ. ಅದಕ್ಕಿಂತ ಮೊದಲು ಅಕ್ಟೋಬರ್ ಶುರುವಲ್ಲಿ ಚೌ ಎನ್‌ಲಾಯ್ ನಡುರಾತ್ರಿ ನಮ್ಮ ರಾಯಭಾರಿ ಪಣಿಕ್ಕರ್ ಅವರನ್ನ ಕರೆಸಿ, ಅಮೆರಿಕದವರು ಎರಡು ಕೊರಿಯಾ ನಡುವಿನ ಗೆರೆ, ಅಂದ್ರೆ 38ನೇ ಅಕ್ಷಾಂಶ ದಾಟಿದ್ರೆ ನಾವು ಬರ್ತೇವೆ ಅಂತ ಹೇಳಿದ್ದು, ಅದನ್ನ ವಾಷಿಂಗ್ಟನ್‌ಗೆ ಮುಟ್ಟಿಸಿದ್ದು, ಅವರು ಪಣಿಕ್ಕರ್ ಮಾತು ನಂಬದೇ ಇದ್ದದ್ದು, ಎಲ್ಲಾ ಉಂಟು. ಆಗ ಕೇಳಿದ್ರೆ ಎರಡೂವರೆ ವರ್ಷ ಉಳೀತಿತ್ತೋ ಏನೋ. ಸಂದೇಶ ಮುಟ್ಟಿಸುವವರು ಎಷ್ಟು ಒಳ್ಳೆಯವರಾದ್ರೂ ಕೇಳುವ ಕಿವಿ ಬೇಕಲ್ವಾ.

ಎಂತಜಾಮ್ ಅವರ ಹೆಸರು ನೆನಪಿಟ್ಕೊಳ್ಳಿ, ಹದಿನೈದು ವರ್ಷ ಬಿಟ್ಟು ನಮ್ಮದೇ ಗಡಿಯ ಕೇಸಲ್ಲಿ ತಿರುಗಿ ಬರ್ತಾರೆ. ಕರಿಕೋಟು, ನೀವು ಹೇಳ್ತೀರಾ?

ಕರಿಕೋಟು
ಕಛ್! ಹೌದು, ಇದನ್ನ ನಮ್ಮಲ್ಲಿ ಯಾರೂ ಹೇಳಲ್ಲ ಯಾಕಂದ್ರೆ ನಮಗೆ ಪೂರ್ತಿ ಸಿಗ್ಲಿಲ್ಲ.

ರಣ್ ಆಫ್ ಕಛ್‌ನ ಸುಮಾರು 3,500 ಚದರ ಮೈಲಿ ತಮ್ಮದು ಅಂತ ಪಾಕಿಸ್ತಾನ ಅಂತಿತ್ತು. 1965ರ ಏಪ್ರಿಲ್ 9ಕ್ಕೆ ಸರ್ದಾರ್ ಪೋಸ್ಟ್ ಮೇಲೆ ದಾಳಿ, ಸಿಆರ್‌ಪಿಎಫ್‌ನವರು ತಡೆದು ನಿಂತ್ರು, ಈಗ್ಲೂ ಆ ದಿನಾನ ಅವರು ಶೌರ್ಯ ದಿನ ಅಂತ ಮಾಡ್ತಾರೆ. ಆಮೇಲೆ ಟ್ಯಾಂಕ್ ಬಂತು, ಬಿಯರ್ ಬೇಟ್ ಅನ್ನೋ ಜಾಗ ನಮ್ಮ ಕೈತಪ್ಪಿತು. ಬ್ರಿಟನ್ ಪ್ರಧಾನಿ ಹೆರಾಲ್ಡ್ ವಿಲ್ಸನ್ ಮಧ್ಯೆ ಬಂದ್ರು, ಜೂನ್ 30ಕ್ಕೆ ಒಪ್ಪಂದ. ಜನವರಿ 1ರ ಸ್ಥಿತಿಗೆ ಇಬ್ಬರೂ ವಾಪಸ್, ಮಂತ್ರಿಗಳು ಮಾತಾಡಿ ಬಗೆಹರಿಸ್ಬೇಕು, ಆಗದಿದ್ರೆ ಮೂವರ ನ್ಯಾಯಮಂಡಳಿ, ಅದರ ತೀರ್ಪನ್ನ ಯಾವ ಕಾರಣಕ್ಕೂ ಪ್ರಶ್ನಿಸೋ ಹಾಗಿಲ್ಲ. ಭಾರತ ಆರಿಸಿದ್ದು ಯುಗೊಸ್ಲಾವಿಯದ ಬೆಬ್ಲರ್, ಪಾಕಿಸ್ತಾನ ಆರಿಸಿದ್ದು ಇರಾನಿನ ಎಂತಜಾಮ್, ಅಧ್ಯಕ್ಷ ಸ್ವೀಡನ್‌ನ ಲಾಗರ್‌ಗ್ರೆನ್, ಅವರನ್ನ ಹೆಸರಿಸಿದ್ದು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ. ಜಿನೀವಾದಲ್ಲಿ ಕೂತು ಬ್ರಿಟಿಷರ ಕಾಲದ ರಾಶಿ ರಾಶಿ ಮ್ಯಾಪು, 1914ರ ಬಾಂಬೆ ಸರ್ಕಾರದ ನಿರ್ಣಯ, ಕಛ್ ಮಹಾರಾವ್ ಪತ್ರ ಎಲ್ಲಾ ತೆರೆದ್ರು. ಅಣ್ತಮ್ಮಂದಿರ ಪಾಲು ಪಂಚಾಯ್ತಿ ಥರಾನೇ, ಹಳೇ ಕಾಗದ ಯಾರ ಪೆಟ್ಟಿಗೇಲಿ ಜಾಸ್ತಿ ಇದೆ ಅನ್ನೋದ್ರ ಮೇಲೆ. 1968ರ ಫೆಬ್ರವರಿ 19ಕ್ಕೆ ತೀರ್ಪು, ಎರಡಕ್ಕೆ ಒಂದು ಬಹುಮತ. ಸುಮಾರು 90 ಪರ್ಸೆಂಟ್ ಭಾರತಕ್ಕೆ, ಸುಮಾರು 10 ಪರ್ಸೆಂಟ್ ಪಾಕಿಸ್ತಾನಕ್ಕೆ, ಆದ್ರೆ ಆ ಹತ್ತರಲ್ಲಿ ಕಂಜರ್‌ಕೋಟ್, ಛಡ್ ಬೇಟ್ ಥರದ ಎತ್ತರದ ಜಾಗ, ಹುಲ್ಲುಗಾವಲು ಎಲ್ಲಾ ಇತ್ತು. ಬೆಬ್ಲರ್ ಪೂರ್ತಿ ಭಾರತದ್ದೇ ಅಂತ ಭಿನ್ನಮತ ಬರೆದ್ರು.

ರಾಗಿ_ರಿಪಬ್ಲಿಕ್
ಒಂದ್ ನಿಮಿಷ. ಜೂನ್ 30ಕ್ಕೆ ಒಪ್ಪಂದ ಅಂದ್ರಿ, ಆಗಸ್ಟಲ್ಲಿ ಕಾಶ್ಮೀರಕ್ಕೆ ನುಗ್ಗಿದ್ರು, ಸೆಪ್ಟೆಂಬರಲ್ಲಿ ಪೂರ್ತಿ ಯುದ್ಧ ಆಯ್ತು. ಹಂಗಾದ್ರೆ ಇದು ಫೇಲ್ ಕೇಸ್ ಅಲ್ವಾ?

ಬಯಲಾಟ
ಅದನ್ನ ನಾನೂ ಕೇಳೋವಿದ್ದೆ. ಕಛ್‌ನ್ಯಾಗ ಭಾರತ ಮೆತ್ತಗ ಐತಿ ಅಂತ ತಿಳ್ಕೊಂಡು ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಕಾಶ್ಮೀರಕ್ಕ ಕೈ ಹಾಕಿದ ಅಂತ ಎಷ್ಟೋ ಮಂದಿ ಬರದಾರ. ಅಂದ್ರ ನಿಮ್ಮ ಶಾಂತಿ ಮಾತುಕತೆನ ಮುಂದಿನ ಯುದ್ಧಕ್ಕ ಹುರುಪು ಕೊಟ್ಟಂಗಾತು.

ಕರಿಕೋಟು
ಆ ಮಾತಲ್ಲಿ ಹುರುಳಿದೆ, ತಳ್ಳಿಹಾಕಲ್ಲ. ಕದನ ವಿರಾಮವನ್ನ ಒಬ್ಬ ದೌರ್ಬಲ್ಯ ಅಂತ ಓದ್ಕೊಳ್ಳೋ ಅಪಾಯ ಯಾವಾಗ್ಲೂ ಇರುತ್ತೆ. ಆದ್ರೆ ಇದನ್ನೂ ನೋಡಿ, ಮಂತ್ರಿಗಳ ಭೇಟಿ ಆಗಸ್ಟಲ್ಲಿ ರದ್ದಾಯ್ತು, ಎರಡೂ ದೇಶ ಲಾಹೋರ್ ಸಿಯಾಲ್‌ಕೋಟ್ ತನಕ ಹೊಡೆದಾಡಿದ್ವು, ತಾಷ್ಕೆಂಟ್ ಒಪ್ಪಂದ ಆಯ್ತು, ಶಾಸ್ತ್ರೀಜಿ ತೀರ್ಕೊಂಡ್ರು, ಇಷ್ಟೆಲ್ಲಾ ಆದ್ರೂ ಕಛ್ ನ್ಯಾಯಮಂಡಳಿ ಮಾತ್ರ ಸಾಯ್ಲಿಲ್ಲ. ಭೇಟಿ ಆಗದಿದ್ರೆ ಮಂಡಳಿ ಅಂತ ಮುಂಚೇನೇ ಬರೆದಿದ್ರಿಂದ ಹೊಸದಾಗಿ ಯಾರೂ ಯಾರ ಒಪ್ಪಿಗೇನೂ ಕೇಳ್ಬೇಕಿರ್ಲಿಲ್ಲ.

ತೀರ್ಪು ಬಂದಾಗ ಸಂಸತ್ತಲ್ಲಿ ಕೋಲಾಹಲ, ಜನಸಂಘ ಚಳವಳಿ ಮಾಡ್ತು, ನೆಲ ಬಿಟ್ಟುಕೊಡೋಕೆ ಸಂವಿಧಾನ ತಿದ್ದುಪಡಿ ಬೇಕು ಅಂತ ಸುಪ್ರೀಂ ಕೋರ್ಟಿಗೂ ಹೋದ್ರು. 1969ರಲ್ಲಿ ಮಗನ್‌ಭಾಯಿ ಈಶ್ವರಭಾಯಿ ಪಟೇಲ್ ಕೇಸಲ್ಲಿ ಕೋರ್ಟ್ ಹೇಳಿದ್ದು, ಇದು ನೆಲ ಕೊಡೋದಲ್ಲ, ಗಡಿ ಎಲ್ಲಿತ್ತು ಅಂತ ಗುರುತಿಸೋದು, ತಿದ್ದುಪಡಿ ಬೇಡ. ಇಂದಿರಾ ಸರ್ಕಾರ ಬೈಸ್ಕೊಂಡೇ ಜಾರಿ ಮಾಡ್ತು. ಅಲ್ಲಿ ತೀರ್ಪಿನ ಪ್ರಕಾರ ಕಂಬ ನೆಟ್ರು. 1971ರಲ್ಲಿ ಆ ವಲಯದಲ್ಲೂ ಸೈನ್ಯ ಓಡಾಡ್ತು, ಆದ್ರೆ ಶಿಮ್ಲಾ ಒಪ್ಪಂದ ಆದ್ಮೇಲೆ ಎರಡೂ ದೇಶ ಅದೇ ಗೆರೆಗೆ ವಾಪಸ್ ಬಂದ್ವು, ಆ ಗೆರೆ ಇವತ್ತಿಗೂ ಹಂಗೇ ಇದೆ. ನಿಮ್ಮ ಆಫೀಸ್ ಗೆಳೆಯನಿಗೆ ಇದನ್ನ ಹೇಳಿ, ಭಾರತ ಪಾಕಿಸ್ತಾನ ಗಡಿಯಲ್ಲೇ ಮೂರು ಜನ ವಿದೇಶಿಯರು ಎಳೆದ ಒಂದು ತುಂಡಿದೆ ಅಂತ, ನಂಬಲ್ಲ ಅವನು.

ಬಯಲಾಟ
ಕಛ್ ಬಾಜೂಕಿನ ಸರ್ ಕ್ರೀಕ್ ಅನ್ನೋ ಉಪ್ಪುನೀರಿನ ಕಾಲುವಿ ಯಾಕ ಬಿಟ್ರಿ? ಅದನ್ನ ಆ ಮಂಡಳಿ ಮುಂದ ಇಡಲೇ ಇಲ್ಲ, ಇವತ್ತಿಗೂ ಅಲ್ಲಿ ಮೀನುಗಾರ್‍ರು ದೋಣಿ ಸಮೇತ ಆ ಕಡಿ ಈ ಕಡಿ ಜೇಲಿಗೆ ಹೊಂಟಾರ. ಕೊರಿಯಾದಾಗೂ ಅಷ್ಟ, ಕದನ ವಿರಾಮ ಆತು, ಶಾಂತಿ ಒಪ್ಪಂದ ಇವತ್ತಿಗೂ ಇಲ್ಲ. 1954ರ ಜಿನೀವಾ ಸಮ್ಮೇಳನ ಕೊರಿಯಾ ವಿಷಯದಾಗ ಬರಿಗೈಲೆ ಎದ್ದು ಹೋತು. ತಿಮ್ಮಯ್ಯನವರು ಆಮ್ಯಾಲೆ ಹೋದ ಸೈಪ್ರಸ್ ನೋಡ್ರಿ, 1964ರ ಮಾರ್ಚಿಗೆ ಶಾಂತಿಪಡೆ ಕಳಿಸಿದ್ದು ಮೂರು ತಿಂಗಳಿಗಂತ, ಇನ್ನೂ ಅಲ್ಲೇ ಐತಿ, ನಡುವ 1974ಕ್ಕ ಟರ್ಕಿ ಬಂದು ದ್ವೀಪದ ಮೂರನೇ ಒಂದು ಪಾಲಿಗಿಂತ ಜಾಸ್ತಿ ತಗೊಂತು. ನೀವು ಇದಕ್ಕ ಬಗೆಹರೀತು ಅಂತೀರಿ, ನಾ ಇದಕ್ಕ ಫ್ರಿಜ್‌ನ್ಯಾಗ ಇಟ್ಟಾರ ಅಂತೀನಿ.

ಕೊಡಗಿನ_ಮಳೆ
ಬಗೆಹರೀತು ಅಂತ ನಾನು ಎಲ್ಲೂ ಬರೆದಿಲ್ಲ ನೋಡಿ, ಗುಂಡು ನಿಂತ್ತು ಅಂತ ಬರೆದೆ, ಪ್ರಶ್ನೆ ಇದ್ದಿದ್ದೂ ಅದೇ. ಪನ್‌ಮುಂಜಾಮ್‌ನಲ್ಲಿ ಕೊರಿಯಾ ಯಾರದ್ದು ಅನ್ನೋ ಪ್ರಶ್ನೆ ಮುಟ್ಟಲೇ ಇಲ್ಲ, ಮುಟ್ಟಿದ್ರೆ ಇವತ್ತಿಗೂ ಹೊಡೆದಾಡ್ತಿದ್ರು. ದೊಡ್ಡ ಜಗಳದಿಂದ ಒಂದು ಸಣ್ಣ ತುಂಡು ಕತ್ತರಿಸಿ, ಇದಿಷ್ಟನ್ನ ಮೂರನೆಯವರ ಕೈಗೆ ಕೊಡೋಣ, ಇಷ್ಟು ದಿನ, ಇಷ್ಟು ಅಧಿಕಾರ, ಅಂತ ಬರೆದ್ಕೊಂಡ್ರು. ಕಛ್‌ನಲ್ಲೂ ಅದನ್ನೇ ಮಾಡಿದ್ದು, ಕಾಶ್ಮೀರವನ್ನ ಅದಕ್ಕೆ ಗಂಟು ಹಾಕ್ಲಿಲ್ಲ. ಎಲ್ಲಾ ಒಂದೇ ಸಲ ಸರಿ ಮಾಡ್ತೀವಿ ಅಂತ ಹೊರಟ ಸಮ್ಮೇಳನಗಳೇ ಬರಿಗೈಲಿ ಎದ್ದಿದ್ದು, ನೀವೇ ಹೇಳಿದ ಜಿನೀವಾ ಥರ. ಫ್ರಿಜ್ ಅನ್ನಿ, ಬೇಜಾರಿಲ್ಲ, 1953ರ ಜುಲೈ 27ರ ರಾತ್ರಿ ಹತ್ತು ಗಂಟೆಗೆ ತೋಪು ನಿಂತಾಗ ಬಂಕರಲ್ಲಿ ಇದ್ದ ಹುಡುಗನಿಗೆ ಅದು ಫ್ರಿಜ್ಜೋ ಪರಿಹಾರಾನೋ ಅಂತ ವ್ಯತ್ಯಾಸ ಆಗಿರಲ್ಲ.

ದ್ವೀಪದಲ್ಲಿ_ದೋಸೆ
ಸೈಪ್ರಸ್ ಹೆಸರು ಬಂತು ಅಂತ ಕಾಮೆಂಟ್ ಹಾಕ್ತಿದ್ದೀನಿ, ನಾನು ಲಾರ್ನಕಾದಲ್ಲಿ ಕೆಲಸದಲ್ಲಿದ್ದೀನಿ. ಇಲ್ಲಿ ಜನರಲ್ ತಿಮ್ಮಯ್ಯ ಅವರ ಹೆಸರಲ್ಲಿ ಒಂದು ಮುಖ್ಯ ರಸ್ತೆ ಇದೆ, ಬೋರ್ಡು ಗ್ರೀಕ್‌ನಲ್ಲಿ ಇರೋದ್ರಿಂದ ಬಹಳ ದಿನ ಗೊತ್ತೇ ಆಗಿರ್ಲಿಲ್ಲ. ಅವ್ರು 1965ರ ಡಿಸೆಂಬರಲ್ಲಿ ಇಲ್ಲಿ ಕಮಾಂಡರ್ ಆಗಿದ್ದಾಗಲೇ ತೀರ್ಕೊಂಡಿದ್ದು, ಮರುವರ್ಷ ಸೈಪ್ರಸ್ ಅಂಚೆಚೀಟಿನೂ ತಂತು. ಬಯಲಾಟ ಹೇಳಿದ್ದು ಸತ್ಯ, ನಿಕೋಸಿಯಾ ಮಧ್ಯೆ ಗೆರೆ ಈಗ್ಲೂ ಇದೆ, ಪಾಸ್‌ಪೋರ್ಟ್ ತೋರಿಸಿ ಆ ಕಡೆ ಹೋಗಿ ಕಾಫಿ ಕುಡಿದು ಬರಬಹುದು ಅಷ್ಟೇ. ಗೆರೆ ಎರಡೂ ಕಡೆ ಮಾತಾಡಿಸಿದ್ರೆ ಯಾರಿಗೂ ಪೂರ್ತಿ ಸಮಾಧಾನ ಇಲ್ಲ.

ರಾಗಿ_ರಿಪಬ್ಲಿಕ್
ಸಕ್ಕತ್ ಮಾಹಿತಿ, ಎಲ್ರಿಗೂ ಥ್ಯಾಂಕ್ಸ್. ಒಂದೇ ಡೌಟು, ಆ ಕೈದಿಗಳಲ್ಲಿ ಉತ್ತರಾನೂ ಬೇಡ ದಕ್ಷಿಣಾನೂ ಬೇಡ ಅಂದವರು ಯಾರೂ ಇರ್ಲಿಲ್ವಾ?

ಕೊಡಗಿನ_ಮಳೆ
ಇದ್ರು, 88 ಜನ. ಯಾವ ಕಡೆಗೂ ಹೋಗಲ್ಲ, ತಟಸ್ಥ ದೇಶ ಬೇಕು ಅಂದ್ರು. ಯಾವ ದೇಶ ಅಂತ ಯಾರೂ ಮೊದಲೇ ಯೋಚಿಸಿರ್ಲಿಲ್ಲ, ಹಾಗಾಗಿ ನಮ್ಮ ಕಾವಲು ಪಡೆ ವಾಪಸ್ ಬರೋ ಹಡಗಲ್ಲೇ ಹತ್ತಿಸ್ಕೊಂಡು 1954ರ ಫೆಬ್ರವರಿಗೆ ಮದ್ರಾಸಿಗೆ ಕರ್ಕೊಂಡ್ ಬಂದ್ರು. ಆಮೇಲೆ ಹೆಚ್ಚಿನವರು ಬ್ರೆಜಿಲ್, ಅರ್ಜೆಂಟೀನಾಗೆ ಹೋದ್ರು, ಕೆಲವರು ಇಲ್ಲೇ ಉಳಿದ್ರು. ಆ ಕಡೆಯಿಂದ ಬಂದ 23 ಅಮೆರಿಕನ್ನರಲ್ಲಿ ಇಬ್ಬರು ಮನಸ್ಸು ಬದಲಾಯಿಸಿದ್ರು, 21 ಜನ ಚೀನಾಗೆ ಹೋದ್ರು, ಅವರಲ್ಲೂ ಬಹಳಷ್ಟು ಜನ ಆಮೇಲೆ ಒಬ್ಬೊಬ್ಬರಾಗಿ ಅಮೆರಿಕಕ್ಕೆ ವಾಪಸ್ ಬಂದ್ರು.

ಬಯಲಾಟ
ಈ 88 ಮಂದಿ ಕಥಿ ಖರೇನ ಚಲೋ ಐತಿ, ಇದಕ್ಕ ಬ್ಯಾರೆ ಥ್ರೆಡ್ ಹಾಕ್ರಿ. ನಾನು ಸರ್ ಕ್ರೀಕ್‌ಗೆ ಒಂದು ಹಾಕ್ತೀನಿ, ಕರಿಕೋಟು ಸಾಹೇಬ್ರು ಅಲ್ಲಿಗೆ ಬರಬೇಕು, ತಪ್ಪಿಸ್ಕೊಂಡ್ರ ಬಿಡಂಗಿಲ್ಲ.